ಗುರ್ಯೆಯವಳ ಚಮಚ

ಹ್ವಾಗೆ ಅಜ್ಜಿಯ ಅಡುಗೆಮನೆಯಲ್ಲಿ ಚಮಚಗಳನ್ನಿಡುವ ಬಿದಿರಿನ ಗೂಡೊಂದಿತ್ತು. ಅದರಲ್ಲಿ ನಾಲ್ಕು ಹಿತ್ತಾಳೆಯ ಚಮಚಗಳಿರುತ್ತಿದ್ದುವು: ಅಜ್ಜಿಯದು, ಅವರ ಮಗ ಚುನ್‌ಬೆಯದು, ಮೊಮ್ಮಗಳು ಬೊಕ್‌ನಿಮ್‌ಳದು, ಬಾಡಿಗೆಗಿದ್ದ ನನ್ನದು. ಐದನೆಯದು ಹೊರಗೆ, ಸೌದೆ ಒಟ್ಟುವ ಮಾಡಿನ ಕಂಬಕ್ಕೆ ಹೊಡೆದ ಮೊಳೆಯಲ್ಲಿ, ನೀಲಿ ದಾರದಿಂದ ತೂಗುತ್ತಿತ್ತು. ಅದು ಸೊಸೆಯದು.

ನಾನು ಆ ಮನೆಗೆ ಬಂದ ದಿನವೇ ಅಜ್ಜಿ ನನ್ನನ್ನು ಕರೆದು ಆ ಮೊಳೆಯನ್ನು ತೋರಿಸಿದರು.

“ಮೇಷ್ಟ್ರೇ, ಅದೊಂದನ್ನ ಮಾತ್ರ ಮುಟ್ಟಬೇಡಿ. ನಮ್ಮ ಸೊಸೆಗೆ ಎದೆ ಸರಿಯಿಲ್ಲ. ನಿಮ್ಮ ಬಟ್ಟಲು, ಚಮಚ ಎಲ್ಲ ನಾನೇ ಬಿಸಿನೀರಲ್ಲಿ ತೊಳೀತೀನಿ. ನಿಮಗೇನೂ ಭಯ ಬೇಡ.”

ಎದೆ ಸರಿಯಿಲ್ಲವೆಂದರೆ ಕ್ಷಯ. ಆ ಕಾಲದಲ್ಲಿ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ನನಗಾಗ ಇಪ್ಪತ್ತನಾಲ್ಕು ವರ್ಷ. ದೊಲ್ಮೊರುವಿನ ಶಾಲೆ ನನ್ನ ಮೊದಲನೆಯ ಶಾಲೆ. ಸೊಮ್‌ಜಿನ್ ನದಿಯ ದಡದಲ್ಲಿ ನಲವತ್ತು ಮನೆಗಳ ಊರು. ಬೇರೆ ಕೋಣೆ ಸಿಗುವ ಹಾಗಿರಲಿಲ್ಲ. ಭಯ ಬೇಡವೆಂದು ಅಜ್ಜಿ ಹೇಳಿದ ಕೂಡಲೇ ನನಗೆ ಭಯವಾಯಿತು. ಅಂದಿನಿಂದ ಆ ಹೆಂಗಸು ಅಂಗಳ ದಾಟಿದರೆ ನಾನು ಅರಿವಿಲ್ಲದೆಯೇ ಉಸಿರು ಹಿಡಿಯುತ್ತಿದ್ದೆ.

ಮದುವೆಯಾಗಿ ಬಂದ ಹೆಣ್ಣನ್ನು ನಮ್ಮಲ್ಲಿ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಅತ್ತೆ ಹ್ವಾಗೆಯೆಂಬ ಊರಿನಿಂದ ಬಂದವರು, ಆದುದರಿಂದ ಹ್ವಾಗೆ ಅಜ್ಜಿ. ಸೊಸೆ ಗುರ್ಯೆಯಿಂದ ಬಂದವಳು, ಆದುದರಿಂದ ಗುರ್ಯೆಯವಳು. ಊರಿನ ಹಾಗೆಯೇ ನಾನೂ ಅವಳನ್ನು ಹಾಗೆಂದೇ ನೆನೆಯುತ್ತೇನೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದವಳು. ಅಗಲವಾದ ಭುಜ, ದೊಡ್ಡ ಅಂಗೈ, ಸ್ವಲ್ಪ ಒಳಗೊತ್ತಿದ ಕಣ್ಣು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ದಡದ ಏರನ್ನು ಒಂದೇ ಉಸಿರಿಗೆ ಹತ್ತುತ್ತಿದ್ದಳು. ಕೆಮ್ಮು ಶುರುವಾದದ್ದು ಬೊಕ್‌ನಿಮ್ ಹುಟ್ಟಿ ಮೂರನೆಯ ವರ್ಷ. ಬೆಳಗ್ಗೆ ಎದ್ದೊಡನೆ ಬರುತ್ತಿತ್ತು. ಕಫ ಕಬ್ಬಿಣದ ತುಕ್ಕಿನ ಬಣ್ಣಕ್ಕಿರುತ್ತಿತ್ತು. ಸಂತೆಯಲ್ಲಿ ಕುಳಿತು ಸೂಜಿ ಚುಚ್ಚುವ ಒಬ್ಬಾತ, ಕಫವನ್ನು ನೋಡದೆಯೇ ಅದರ ವರ್ಣನೆಯನ್ನಷ್ಟೇ ಕೇಳಿ, ಎದೆರೋಗವೆಂದು ಹೇಳಿ ಆರು ತಿಂಗಳು ಸೂಜಿ ಹಾಕಿದ. ಕೆಮ್ಮು ಹೋಗಲಿಲ್ಲ. ಅವಳು ಸೊರಗಲೂ ಇಲ್ಲ.

ಸೊರಗದಿದ್ದುದೇ ಅವಳ ಅಪರಾಧವಾಯಿತು. ಬಟ್ಟೆ ಒಗೆಯುವ ಬಂಡೆಯ ಬಳಿ ಹೆಂಗಸರಲ್ಲಿ ಎರಡು ಪಂಗಡಗಳಿದ್ದುವು.

“ಎದೆರೋಗದೋರು ಹೀಗಿರ್ತಾರಾ? ಗೂಳಿ ಥರ ಉಣ್ತಾಳೆ. ಏನೋ ನಾಟಕ ಇದು, ಕೆಲಸ ತಪ್ಪಿಸ್ಕೊಳ್ಳೋಕೆ.”

“ಯಾವ ಕೆಲಸ ತಪ್ಪಿಸ್ಕೊಂಡಿದಾಳೆ ಹೇಳು? ಅಲ್ಲ ಕಣೇ, ಮದುವೆಗೆ ಮುಂಚೇನೇ ಇತ್ತು. ಗುರ್ಯೆಯೋರು ಮುಚ್ಚಿಟ್ಟು ಕಳಿಸಿದ್ರು. ಇಲ್ದಿದ್ರೆ ಅಂಥ ಗಟ್ಟಿಗಿತ್ತೀನ ಅಷ್ಟು ದೂರ ಕೊಡ್ತಿದ್ರಾ?”

ಅವಳು ಬಟ್ಟೆಯ ಬುಟ್ಟಿ ಹೊತ್ತು ಬಂದರೆ ಎರಡು ಪಂಗಡಗಳೂ ಒಟ್ಟಿಗೆ ಮಾತು ನಿಲ್ಲಿಸಿ ಮೇಲಿನ ಬಂಡೆಗೆ ಸರಿಯುತ್ತಿದ್ದುವು. ಅವಳು ಕೆಳಗಿನ ಬಂಡೆಯಲ್ಲಿ ಒಗೆಯುತ್ತಿದ್ದಳು. ಅವಳ ನೀರು ಯಾರ ಬಟ್ಟೆಗೂ ತಾಕಬಾರದಲ್ಲ.

ಬೊಕ್‌ನಿಮ್‌ಗೆ ನಾಲ್ಕು ತುಂಬಿದಾಗ ಅಜ್ಜಿ ಅವಳ ಹಾಸಿಗೆಯನ್ನು ಸುತ್ತಿ ತಮ್ಮ ಕೋಣೆಗೆ ಒಯ್ದರು. ಒಂದು ಮಾತು ಕೊಟ್ಟಿದ್ದರು: “ಒಂದು ವರ್ಷ ನಿನ್ನ ಕಫ ಬೆಳ್ಳಗಿರಲಿ, ಮಗು ನಿನ್ನ ಮಗ್ಗುಲಿಗೆ ಬರ್ತಾಳೆ.” ಆ ಒಂದು ವರ್ಷ ಬರಲೇ ಇಲ್ಲ. ನಾನು ಬರುವ ಹೊತ್ತಿಗೆ ಎರಡೂವರೆ ವರ್ಷ ಕಳೆದಿತ್ತು. ಗುರ್ಯೆಯವಳು ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಕುಳಿತು ತನ್ನ ಚಮಚದಿಂದ ಉಣ್ಣುತ್ತಿದ್ದಳು. ಅಡುಗೆಮನೆಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ಮಗಳು ಜಗಲಿಯ ಮೇಲೆ ಬರೆಯುವುದನ್ನು ನೋಡುತ್ತಿದ್ದಳು. ಮಗಳ ಕೂದಲನ್ನು ಅಜ್ಜಿ ಬಾಚಿ ಜಡೆ ಹಾಕಿದರೆ, ಅದು ಓರೆಯಾಗಿದೆಯೆಂದು ಆ ಸಂದಿನಿಂದಲೇ ಕಣ್ಣಲ್ಲಿ ಸರಿಮಾಡುವಂತೆ ಕಾಣುತ್ತಿತ್ತು.

ನಾನಿದ್ದ ಎರಡನೆಯ ಶರತ್ಕಾಲದಲ್ಲಿ, ಸುಗ್ಗಿಯ ಹುಣ್ಣಿಮೆಯ ಹಬ್ಬಕ್ಕೆ, ಯೊಸು ಬಂದರಿನಿಂದ ಚುನ್‌ಬೆಯ ಅಕ್ಕ ಬಂದರು. ಅವರ ಗಂಡನಿಗೆ ಬಲೆಯ ವ್ಯಾಪಾರ. ಗಂಡುಮಕ್ಕಳು ಮೂವರು, ಹೆಣ್ಣಿಲ್ಲ. ಹಬ್ಬದ ಊಟವಾದ ಮೇಲೆ ಅವರು ಬೊಕ್‌ನಿಮ್‌ಳ ಗಲ್ಲ ಹಿಡಿದು ಹೇಳಿದರು: “ಚಳಿಗಾಲದ ಕಿಮ್ಚಿ ಉಪ್ಪಿನಕಾಯಿ ಹಾಕೋದು ಮುಗೀಲಿ, ಬಂದು ಕರಕೊಂಡು ಹೋಗ್ತೀನಿ. ಅಲ್ಲೇ ಸ್ಕೂಲು, ಅಲ್ಲೇ ಮನೆ. ಇಲ್ಲಿದ್ರೆ ಇದಕ್ಕೂ ಎದೆ ಕೆಡುತ್ತೆ.” ಅಜ್ಜಿ ತಲೆಯಾಡಿಸಿದರು. ಚುನ್‌ಬೆ ನೆಲ ನೋಡಿದ. ಅಡುಗೆಮನೆಯ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಹಬ್ಬವಾದ ಮೇಲೆ ಏಡಿಗಳು ಇಳಿಯುವ ಕಾಲ. ಮೊಟ್ಟೆಯಿಡಲು ಏಡಿಗಳು ನದಿಯಲ್ಲಿ ಸಮುದ್ರದ ಕಡೆಗೆ ಹೊರಡುತ್ತವೆ. ಚುನ್‌ಬೆ ಹುಲ್ಲಿನ ಹುರಿಯನ್ನು ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ. ಹುರಿಗೆ ಮುಟ್ಟಿದ ಏಡಿ ಅದನ್ನು ದಾಟದೆ ಅದರ ಗುಂಟವೇ ದಡಕ್ಕೆ ಬಂದು ಅವನ ಬುಟ್ಟಿಗೆ ಬೀಳುತ್ತಿತ್ತು. ಏಡಿಗಳನ್ನು ಉಜ್ಜಿ ತೊಳೆಯುವುದು ಸೊಸೆಯ ಕೆಲಸ. ಕುಟ್ಟಿ ಸಾರು ಮಾಡುವ ಏಡಿಗಳೂ ಅವಳವೇ, ಏಕೆಂದರೆ ಸಾರು ಕುದಿಯುತ್ತದೆ. ಆದರೆ ಜಾಡಿಯ ಏಡಿ ಅಜ್ಜಿಯದು. ಜಾಡಿಗಳನ್ನಿಟ್ಟ ಕಟ್ಟೆಯ ಮೇಲೆ ಗುರ್ಯೆಯವಳು ಕಾಲಿಡುವಂತಿರಲಿಲ್ಲ.

ಅಜ್ಜಿಯ ಜಾಡಿಗೆ ಊರಿನಲ್ಲಿ ಹೆಸರಿತ್ತು. ಜೀವಂತ ಏಡಿಗಳನ್ನು ಜಾಡಿಗೆ ಬಿಟ್ಟು ಎರಡು ದಿನ ಹಸಿವಿನಲ್ಲಿಡುವರು. ಮೂರನೆಯ ದಿನ ದನದ ಮಾಂಸದ ಸಣ್ಣ ಸಣ್ಣ ಚೂರುಗಳನ್ನು ಹಾಕುವರು. ಅವನ್ನು ತಿಂದು ಏಡಿಯ ಒಡಲು ತುಂಬಿದ ಮೇಲೆ ಸೋಯಾ ರಸವನ್ನು ಹೊಯ್ಯುವರು. ಮೂರು ದಿನ ಬಿಟ್ಟು ರಸವನ್ನು ಬಸಿದು, ಕುದಿಸಿ, ಅಂಗಳದಲ್ಲಿಟ್ಟು ತಣ್ಣಗೆ ಮಾಡಿ, ಮತ್ತೆ ಹೊಯ್ಯುವರು. ಹೀಗೆ ಮೂರು ಸಲ. ಮೊದಲನೆಯ ಕುದಿತವಾಗಿ ಎರಡು ದಿನಕ್ಕೆ ರುಚಿ ಅತ್ಯುತ್ತಮವೆಂದು ಆಗಲೇ ಒಂದೆರಡನ್ನು ತೆಗೆಯುವರು. ಒಳಗಿನ ಮಾಂಸ ಹಸಿ, ತಣ್ಣಗೆ, ಸಿಹಿಯುಪ್ಪು. ನಾನು ಅದರೊಂದಿಗೆ ಮೂರು ಬಟ್ಟಲು ಅನ್ನ ಉಂಡದ್ದುಂಟು.

“ಬೇರೆಯೋರ ಮನೇಲಿ ತಿನ್ನಬೇಡಿ ಮೇಷ್ಟ್ರೇ,” ಎಂದು ಅಜ್ಜಿ ಪ್ರತಿ ಸಲವೂ ಎಚ್ಚರಿಸುತ್ತಿದ್ದರು. “ಒಂದು ಸಲ ಕುದಿಸಿ ಕೈತೊಳಕೋತಾರೆ, ಸೋಮಾರಿಗಳು. ನಾನು ಮೂರು ಸಲ ಕುದಿಸ್ತೀನಿ, ಮೂರು! ನನ್ನ ಜಾಡೀಲಿ ಕೆಟ್ಟದ್ದು ಏನೂ ಉಳಿಯಲ್ಲ.”

ಏಡಿಯ ಬೆನ್ನಿನ ಚಿಪ್ಪಿನಲ್ಲಿ ಹಳದಿಯ ಸಾರ ಉಳಿಯುತ್ತದೆ. ಅದರೊಳಕ್ಕೆ ಬಿಸಿಯನ್ನ ಹಾಕಿ ಕಲಸಿದರೆ ಅದಕ್ಕಿಂತ ರುಚಿಯಿಲ್ಲ. ಆ ಚಿಪ್ಪು ಯಾವಾಗಲೂ ಬೊಕ್‌ನಿಮ್‌ಗೆ. ತಾಯಿಯ ಮಗ್ಗುಲು ತಪ್ಪಿದ ಮಗುವೆಂದು ಅಜ್ಜಿ ಅದನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಬೊಕ್‌ನಿಮ್ ಆಗ ಎರಡನೆಯ ತರಗತಿ. ಕಿಮ್ಚಿಗೆ ಎಲೆಕೋಸು ಕೀಳುವ ಹೊತ್ತಿಗೆ ಅವಳು ತರಗತಿಯಲ್ಲಿ ಕೆಮ್ಮತೊಡಗಿದಳು. ಒಂದು ದಿನ ಓದುತ್ತಿದ್ದವಳು ನಿಲ್ಲಿಸಿ ಕೈವಸ್ತ್ರವನ್ನು ಬಾಯಿಗೊತ್ತಿ, ತೆಗೆದು, ಬೇಗನೆ ಮಡಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ತುಕ್ಕಿನ ಬಣ್ಣ ಕಂಡಿತು.

ಮರುದಿನ ಅವಳ ಮಣೆಯನ್ನು ಕೊನೆಯ ಕಿಟಕಿಯ ಬಳಿಗೆ ಸರಿಸಿದೆ. “ಗಾಳಿ ಚೆನ್ನಾಗಿ ಬರುತ್ತೆ ಮಗು,” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆ ವಯಸ್ಸಿನ ಮಕ್ಕಳಿಗೆ ಎಲ್ಲವೂ ತಿಳಿಯುತ್ತದೆ.

ಆ ವಾರವೇ ಅಜ್ಜಿಗೂ ಅದು ತಿಳಿಯಿತು. ಸಂಜೆ ನಾನು ಶಾಲೆಯಿಂದ ಬರುವಾಗ ಜಗಲಿಯ ಮೇಲೆ ನ್ಯಾಯ ನಡೆಯುತ್ತಿತ್ತು. ಅಜ್ಜಿ ಮೇಲೆ, ಚುನ್‌ಬೆ ಮೆಟ್ಟಿಲಿನಲ್ಲಿ, ಗುರ್ಯೆಯವಳು ಅಂಗಳದಲ್ಲಿ ನಿಂತು.

“ಹೇಳೇ, ಯಾವಾಗಿಂದ ಕೊಡ್ತಿದೀಯ?”

“ಏನನ್ನ ಅಮ್ಮಾ?”

“ನಿನ್ನ ಎಂಜಲನ್ನ! ನನ್ನ ಕೋಣೇಲಿ ಮಲಗೋ ಮಗು, ನನ್ನ ಕೈತುತ್ತು ತಿನ್ನೋ ಮಗು. ಅದಕ್ಕೆ ಎಲ್ಲಿಂದ ಬಂತು ಇದು? ನಾನು ಹೊಲಕ್ಕೆ ಹೋದಾಗ ನಿನ್ನ ಚಮಚದಿಂದ ಉಣಿಸ್ತಿದ್ದೀಯ!”

“ಇಲ್ಲ ಅಮ್ಮಾ. ಅವಳ ಕೈ ಹಿಡಿದು ಸಹ ನಾಲ್ಕು ವರ್ಷ ಆಯ್ತು.”

ಅಜ್ಜಿ ನನ್ನನ್ನು ಕಂಡರು. “ಮೇಷ್ಟ್ರೇ, ನೀವು ಅಕ್ಷರ ಕಲಿತೋರು, ಸುಳ್ಳು ಹೇಳೋರಲ್ಲ. ಇವಳು ಮಗೂಗೆ ಏನಾದ್ರೂ ಕೊಟ್ಟದ್ದು ನೋಡಿದೀರಾ?”

ನಾನು ನೋಡಿದ್ದೆ. ಒಂದು ತಿಂಗಳ ಹಿಂದೆ, ಹಿತ್ತಲ ಗೋಡೆಯ ಮರೆಯಲ್ಲಿ, ಅನ್ನದ ಪಾತ್ರೆಯ ತಳದ ಗರಿಗರಿ ಸೀಕಲನ್ನು ಕುಂಬಳದ ಎಲೆಯಲ್ಲಿ ಸುತ್ತಿ ಗೋಡೆಯ ಮೇಲಿಟ್ಟಿದ್ದಳು. ಅವಳು ದೂರ ಸರಿದ ಮೇಲೆ ಮಗು ಬಂದು ಅದನ್ನು ತೆಗೆದುಕೊಂಡಿತ್ತು. ಸುಳ್ಳು ಹೇಳಬಾರದೆಂದು ನಾನು ದಿನವೂ ಮಕ್ಕಳಿಗೆ ಹೇಳುವವನು. ಕಂಡದ್ದನ್ನು ಹೇಳಿದೆ.

“ಎಲೆಯಲ್ಲಿ ಸುತ್ತಿದ್ದೆ. ನನ್ನ ಬಾಯಿ ತಾಕಿದ್ದಲ್ಲ ಅದು,” ಎಂದಳು ಗುರ್ಯೆಯವಳು, ನನ್ನ ಕಡೆ ನೋಡದೆ.

“ಎಲೆಯಂತೆ! ಕೇಳಿಸ್ಕೊಂಡೆಯೇನೋ ಚುನ್‌ಬೆ?”

ಚುನ್‌ಬೆ ಒಳ್ಳೆಯವನು, ಆದರೆ ತಾಯಿಯ ಮುಂದೆ ಅವನ ನಾಲಿಗೆ ಏಳುತ್ತಿರಲಿಲ್ಲ. “ನನಗಾದ್ರೂ ಹೇಳಬಹುದಿತ್ತಲ್ಲ ನೀನು,” ಎಂದಷ್ಟೇ ಗೊಣಗಿದ.

“ಯೊಸುಗೆ ಕಾಗದ ಹಾಕಿಸ್ತೀನಿ. ಕಿಮ್ಚಿಗೆ ಕಾಯೋದು ಬೇಡ, ಬಂದು ಕರಕೊಂಡು ಹೋಗಲಿ.”

“ಅಮ್ಮಾ, ನನ್ನಿಂದ ಬಂದದ್ದಲ್ಲ ಅದು.”

“ಹಾಗಂತ ಸರ್ಕಾರದ ಮೊಹರು ಹಾಕಿದ ಕಾಗದ ತಗೊಂಡು ಬಾ. ಆಗ ನೋಡೋಣ!”

ಅಜ್ಜಿ ಅದನ್ನು ಕುಹಕಕ್ಕೆ ಹೇಳಿದರು. ಗುರ್ಯೆಯವಳು ಅದನ್ನು ಲೆಕ್ಕದ ಮಾತಾಗಿ ಹಿಡಿದಳು.

ಶನಿವಾರ ಅರ್ಧ ದಿನದ ಶಾಲೆ. ಗಂಟೆ ಬಾರಿಸುವ ಮೊದಲೇ ಅವಳು ಬಾಗಿಲಲ್ಲಿ ನಿಂತಿದ್ದಳು, ಒಗೆದ ರವಿಕೆ, ರಬ್ಬರಿನ ಬಿಳಿಯ ಚಪ್ಪಲಿ, ಕಂಕುಳಲ್ಲೊಂದು ಗಂಟು.

“ಮೇಷ್ಟ್ರೇ, ಬೊಕ್‌ನಿಮ್‌ನ ಕಳಿಸಿಕೊಡಿ. ಪೇಟೆಯ ಆರೋಗ್ಯ ಕೇಂದ್ರಕ್ಕೆ ಹೋಗ್ಬೇಕು. ಅಲ್ಲಿ ಕಫವನ್ನ ಗಾಜಿನಲ್ಲಿಟ್ಟು ನೋಡ್ತಾರಂತೆ.”

ನನ್ನ ಕಣ್ಣು ಆ ಗಂಟಿನ ಮೇಲೆ ಹೋಯಿತು. ಪೇಟೆಯಿಂದ ಗುರ್ಯೆಗೆ ಬಸ್ಸು ಸಿಗುತ್ತದೆ. ಅವಳು ನನ್ನ ನೋಟವನ್ನು ಓದಿಕೊಂಡಳು.

“ತವರಿಗೆ ಓಡಿಹೋಗ್ತೀನಿ ಅಂದ್ಕೊಂಡ್ರಾ? ನಂಬಿಕೆ ಇಲ್ದಿದ್ರೆ ನೀವೂ ಬನ್ನಿ. ನೋಡಿದ್ದನ್ನ ಹೇಳ್ತೀರಲ್ಲ ನೀವು, ಇದನ್ನೂ ನೋಡಿ ಹೇಳಿ.”

ನಾನು ಹೋದೆ. ದೋಣಿಯಲ್ಲಿ ಅವಳು ಒಂದು ತುದಿಗೆ ಕುಳಿತು ಮಗಳನ್ನು ಇನ್ನೊಂದು ತುದಿಗೆ ಕೂರಿಸಿದಳು, ನಡುವೆ ನಾನು. ದೋಣಿಯ ಮುದುಕ ನಮ್ಮ ಮೂವರನ್ನೂ ಅಳೆದು ನೋಡಿದ.

“ಮೇಷ್ಟ್ರು ಪಾಠ ಬಿಟ್ಟು ಎತ್ತ ಸವಾರಿ?”

“ಪೇಟೆಗೆ ತಾತ. ಸ್ವಲ್ಪ ಕೆಲಸ.”

“ಹೂಂ. ಎಲ್ಲರೂ ಹಾಗೇ ಹೇಳ್ತಾರೆ,” ಎಂದು ಅವನು ಹುಟ್ಟು ಹಾಕಿದ. ನಾವು ಆಚೆ ದಡ ಸೇರುವ ಮೊದಲೇ ಊರಿಗೆ ಕಥೆಯೊಂದು ಸಿದ್ಧವಾಯಿತೆಂದು ನನಗೆ ಗೊತ್ತಾಯಿತು.

ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡುವಾತನ ಹೆಸರು ಪ್ಯೊ. ದಪ್ಪ ಕನ್ನಡಕ, ಶೀತದಿಂದ ಕೆಂಪಾದ ಮೂಗು. ಕಫವನ್ನು ತೆಗೆದುಕೊಂಡು, ತಾಯಿಮಗಳಿಬ್ಬರ ತೋಳಿಗೂ ಸಣ್ಣ ಸೂಜಿ ಚುಚ್ಚಿ ಹೊರಗೆ ಕೂರಿಸಿದ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಕೂಗು ಬಂತು.

“ಮಾ ಪಿಲ್‌ನ್ಯೊ! ಮಾ ಪಿಲ್‌ನ್ಯೊ ಯಾರು?”

ಯಾರೂ ಏಳಲಿಲ್ಲ. ನಾನೂ ಸುತ್ತ ನೋಡಿದೆ. ಮೂರನೆಯ ಕೂಗಿಗೆ ಗುರ್ಯೆಯವಳು ಬೆಚ್ಚಿ ಎದ್ದಳು. “ನಾನೇ. ಮರೆತೇಹೋಗಿತ್ತು,” ಎಂದಳು. ಒಂದೂವರೆ ವರ್ಷ ಒಂದೇ ಅಂಗಳದಲ್ಲಿದ್ದು ನಾನು ಅವಳ ಹೆಸರನ್ನು ಕೇಳಿದ್ದು ಅದೇ ಮೊದಲು.

ಪ್ಯೊ ಅವಳನ್ನು ಅನುಮಾನದಿಂದ ನೋಡುತ್ತಿದ್ದ. “ಎಷ್ಟು ವರ್ಷದಿಂದ ಕೆಮ್ಮು?”

“ಐದು.”

“ಐದು ವರ್ಷ ಕ್ಷಯ ಇದ್ದು ಈ ಮೈಕಟ್ಟೇ? ಯಾರು ಹೇಳಿದ್ದು ಕ್ಷಯ ಅಂತ?”

“ಸೂಜಿಯೋರು.”

“ಸರಿ, ಸೂಜಿಯೋರು. ನಿಮ್ಮ ಕಫದಲ್ಲಿ ಕ್ಷಯದ್ದು ಒಂದೂ ಇಲ್ಲ. ಯಾವೂರು? ದೊಲ್ಮೊರು? ನದಿ ದಡದೋರು.” ಅವನು ಬೊಕ್‌ನಿಮ್‌ಳ ಕಡೆಗೆ ಬಗ್ಗಿದ. “ಮರೀ, ನಿಂಗೆ ಊಟಕ್ಕೆ ಏನು ಇಷ್ಟ?”

“ಏಡಿ ಚಿಪ್ಪಲ್ಲಿ ಕಲಸಿದ ಅನ್ನ,” ಎಂದಳು ಹುಡುಗಿ ಒಡನೆಯೇ. “ಅಜ್ಜಿ ನಂಗೊಬ್ಬಳಿಗೇ ಕೊಡೋದು. ಅಪ್ಪನಿಗೂ ಇಲ್ಲ.”

ಪ್ಯೊ ಇಬ್ಬರ ಅಂಗಿಯ ತೋಳುಗಳನ್ನೂ ಮೇಲಕ್ಕೆತ್ತಿ ತೋರಿಸಿದ. ಸೂಜಿ ಚುಚ್ಚಿದಲ್ಲಿ ನಾಣ್ಯದಷ್ಟಗಲ ಕೆಂಪಗೆ ಉಬ್ಬಿತ್ತು. ಆಮೇಲೆ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿದ. ಹೊಂಬಣ್ಣದ ಸಣ್ಣ ಕಾಳುಗಳು, ತಲೆಯ ಮೇಲೆ ಮುಚ್ಚಳವಿದ್ದ ಹಾಗೆ.

“ಹುಳುವಿನ ಮೊಟ್ಟೆ ಮೇಷ್ಟ್ರೇ. ನದಿಯ ಏಡೀಲಿರೋ ಹುಳು. ಹಸಿ ತಿಂದ್ರೆ ಹೊಟ್ಟೆಗೆ ಹೋಗಿ, ಅಲ್ಲಿಂದ ಎದೆಗೆ ಹತ್ತಿ ಗೂಡು ಮಾಡುತ್ತೆ. ಮನುಷ್ಯರಿಂದ ಮನುಷ್ಯರಿಗೆ ಬರಲ್ಲ. ಉಸಿರಿಂದ ಬರಲ್ಲ, ಎಂಜಲಿಂದ ಬರಲ್ಲ.”

“ಚಮಚದಿಂದ?” ಎಂದು ಕೇಳಿದಳು ಗುರ್ಯೆಯವಳು.

“ಚಮಚದಿಂದಲೂ ಇಲ್ಲ.”

ಅವಳು ರವಿಕೆಯ ತೋಳನ್ನು ಇಳಿಸಿಕೊಂಡಳು. “ನಾನು ಆ ಜಾಡಿ ಮುಟ್ಟಿ ಐದು ವರ್ಷ ಆಯ್ತಲ್ಲ ಸಾರ್.”

“ಅದಕ್ಕೆ ಮುಂಚೆ?”

“ಬೊಕ್‌ನಿಮ್ ಹೊಟ್ಟೇಲಿದ್ದಾಗ ಏಡಿ ಮೇಲೆ ಆಸೆಯಾಗ್ತಿತ್ತು. ಅಮ್ಮನೇ ದಿನಾ ಜಾಡಿಯಿಂದ ತೆಗೆದು ಕೊಡ್ತಿದ್ರು. ಚಿಪ್ಪನ್ನೂ ನಂಗೇ ಕೊಡ್ತಿದ್ರು ಆಗ.”

ಅದನ್ನು ಅವಳು ಹೇಳಿದ ರೀತಿಯಲ್ಲಿ ದೂರಿರಲಿಲ್ಲ. ಆ ದಿನಗಳು ಚೆನ್ನಾಗಿದ್ದುವು ಎನ್ನುವ ಹಾಗಿತ್ತು.

ಪ್ಯೊ ಕಾಗದ ಬರೆದ. “ಮೊಹರನ್ನ ಗಟ್ಟಿಯಾಗಿ ಒತ್ತಿ ಸಾರ್, ಮಸುಕಾಗಬಾರದು,” ಎಂದು ಅವಳು ಮೇಜಿನ ಮೇಲೆ ಬಗ್ಗಿ ನಿಂತು ಒತ್ತಿಸಿಕೊಂಡಳು. ಹೊರಗೆ ಬಂದ ಮೇಲೆ ಗಂಟು ಬಿಚ್ಚಿದಳು. ಒಳಗಿದ್ದದ್ದು ಬೇಯಿಸಿದ ಗೆಣಸು. ನಾವು ಮೂವರೂ ಬಸ್ಸಿನ ಕಟ್ಟೆಯ ಮೇಲೆ ಕುಳಿತು ತಿಂದೆವು. ನಾನು ಉಸಿರು ಹಿಡಿಯಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಜಗಲಿಯ ಮೇಲೆ, ಅಜ್ಜಿಯ ಕಾಗದ ಮುಟ್ಟಿ ಬಂದ ಯೊಸುವಿನ ಅಕ್ಕ ಕುಳಿತಿದ್ದರು, ಪಕ್ಕದಲ್ಲಿ ಬೊಕ್‌ನಿಮ್‌ಗೆ ತಂದ ಹೊಸ ಕೆಂಪು ಕೋಟು. ಚುನ್‌ಬೆ ನದಿಗೆ ಹೋಗದೆ ಅಂಗಳದಲ್ಲಿ ನಿಂತಿದ್ದ. ಕಥೆ ನಮಗಿಂತ ಮೊದಲೇ ದಡ ಸೇರಿತ್ತು.

“ಬಂದ್ರಾ? ಬರಲ್ಲ ಅಂದ್ಕೊಂಡಿದ್ವಿ,” ಎಂದರು ಅಜ್ಜಿ. “ಮೇಷ್ಟ್ರೇ, ನಿಮ್ಮಿಂದ ಇದನ್ನ ಎಣಿಸಿರಲಿಲ್ಲ.”

ಗುರ್ಯೆಯವಳು ಎರಡೂ ಕೈಗಳಿಂದ ಕಾಗದವನ್ನು ಚಾಚಿದಳು. ಅಕ್ಕ ಅದನ್ನು ತೆಗೆದುಕೊಂಡು ಓದಿದರು, ಮತ್ತೊಮ್ಮೆ ಓದಿದರು, ಬೆಳಕಿಗೆ ಹಿಡಿದು ಮೊಹರನ್ನು ನೋಡಿದರು.

“ಏಡಿಯಿಂದ ಬಂದದ್ದಂತೆ ಅಮ್ಮಾ. ಇವಳಿಂದ ಅಲ್ಲವಂತೆ. ಮೊಹರೇನು, ಯಾರು ಬೇಕಾದ್ರೂ ಕೆತ್ತಿಸಬಹುದು.”

“ಯಾವ ಏಡಿ?” ಎಂದರು ಅಜ್ಜಿ.

“ನಿನ್ನ ಜಾಡೀದು.”

ಅಜ್ಜಿಯ ಮುಖ ಸುಟ್ಟ ಹಂಚಿನಂತಾಯಿತು. “ನನ್ನ ಜಾಡಿ? ಮೂರು ಸಲ ಕುದಿಸಿದ ಜಾಡಿ? ಇವಳ ಎದೆಯ ಕೊಳೆಯನ್ನ ತಂದು ನನ್ನ ಜಾಡಿಗೆ ಸುರಿತೀರಾ? ಹೇಳಿ ಮೇಷ್ಟ್ರೇ, ಮೂರು ಸಲ ಕುದಿಸಿದ್ರಲ್ಲಿ ಯಾವ ಹುಳು ಬದುಕುತ್ತೆ?”

“ಅಜ್ಜಿ, ಏನನ್ನ ಕುದಿಸಿದ್ರಿ?” ಎಂದು ಕೇಳಿದೆ.

“ರಸವನ್ನ. ನೀವೇ ನೋಡಿದೀರಲ್ಲ!”

“ಆಗ ಏಡಿ ಎಲ್ಲಿತ್ತು?”

“ಜಾಡೀಲಿ.”

“ರಸ ವಾಪಸ್ಸು ಹೊಯ್ಯುವಾಗ ಬಿಸಿ ಇತ್ತಾ?”

“ಬಿಸಿ ಹೊಯ್ದರೆ ಏಡಿ ಬೆಂದುಹೋಗಲ್ವೇನ್ರೀ, ಅಷ್ಟೂ ಗೊತ್ತಾಗಲ್ವಾ ನಿಮ್ಗೆ…”

ಅಜ್ಜಿ ಜಾಡಿಗಳ ಕಟ್ಟೆಯ ಕಡೆಗೆ ತಿರುಗಿ ನೋಡಿದರು. ಸತ್ಯವನ್ನು ಹೇಳಬೇಕೆಂದರೆ, ನನಗೂ ಆ ಪ್ರಶ್ನೆ ಹೊಳೆದದ್ದು ಮರಳಿ ಬರುವ ದೋಣಿಯಲ್ಲಿ. ಎರಡು ಶರತ್ಕಾಲ ಆ ಕುದಿತವನ್ನು ಕಣ್ಣಾರೆ ಕಂಡು, ಏಡಿ ಬೆಂದಿದೆಯೆಂದೇ ನಂಬಿ ಉಂಡಿದ್ದೆ. ಇಡೀ ಊರು ಹಾಗೆಯೇ ನಂಬಿತ್ತು.

ಅಜ್ಜಿ ಬೇಗನೆ ಚೇತರಿಸಿಕೊಂಡರು. “ನಮ್ಮತ್ತೆ ಹೀಗೇ ಮಾಡ್ತಿದ್ರು. ಅವರತ್ತೆಯೂ ಹೀಗೇ. ನಲವತ್ತು ವರ್ಷ ನಾನು ತಿಂದಿದೀನಲ್ಲ, ನನಗೇನಾಗಿದೆ? ಇವಳೂ ನೀವೂ ಒಂದೇ ದೋಣೀಲಿ ಹೋಗಿ ಒಂದೇ ಮಾತು ಕಲಿತು ಬಂದಿದೀರಿ. ಬೊಕ್‌ನಿಮ್, ಕೋಟು ಹಾಕ್ಕೋ. ಅತ್ತೆ ಜೊತೆ ಹೊರಡು.”

ಹುಡುಗಿ ಅಲುಗಲಿಲ್ಲ. ಗುರ್ಯೆಯವಳು ಮೆಟ್ಟಿಲ ಬಳಿಗೆ ಬಂದಳು. ಅವಳ ದನಿ ಏರಲಿಲ್ಲ.

“ಅಮ್ಮಾ, ಹತ್ತು ವರ್ಷದಿಂದ ನಿಮ್ಮ ಬಟ್ಟೆ ಒಗೀತಿರೋಳು ನಾನು. ನಿಮ್ಮ ಕೈವಸ್ತ್ರನ ನೀವು ಲಂಗದ ಒಳಗೆ ಮಡಿಸಿ ಹಾಕ್ತೀರಿ. ಬೂದಿನೀರಲ್ಲಿ ಎರಡು ಸಲ ಬೇಯಿಸಿದ್ರೂ ಹೋಗದ ತುಕ್ಕಿನ ಬಣ್ಣದ ಕಲೆ ಅದು. ನಾನು ಈ ಮನೆಗೆ ಬಂದ ಮೊದಲನೇ ತಿಂಗಳಿಂದ ಇದೆ. ಆಗ ನನಗೆ ಕೆಮ್ಮೇ ಇರಲಿಲ್ಲ.”

ಕೋಳಿಯೊಂದು ಅಂಗಳದ ಎಲೆಕೋಸಿನ ರಾಶಿಯನ್ನು ಕುಕ್ಕುತ್ತಿತ್ತು. ಅದನ್ನು ಯಾರೂ ಓಡಿಸಲಿಲ್ಲ.

“ಹಲ್ಲಿನ ರಕ್ತ ಅದು,” ಎಂದರು ಅಜ್ಜಿ ಕೊನೆಗೆ. ಅವರಿಗೆ ಉಳಿದಿದ್ದದ್ದು ನಾಲ್ಕು ಹಲ್ಲು.

ಯೊಸುವಿನ ಅಕ್ಕ ತಾಯಿಯ ಮುಖವನ್ನು ನೋಡಿದರು. ಆಮೇಲೆ ತಾವು ಕುಳಿತಿದ್ದ ದಿಂಬನ್ನು ತಮಗೇ ತಿಳಿಯದಂತೆ ಒಂದು ಮೊಳ ಆಚೆಗೆ ಸರಿಸಿಕೊಂಡರು. ಅಜ್ಜಿ ಅದನ್ನು ಕಂಡರು. ನಾನು ಆ ಮುಖವನ್ನು ಇಂದಿಗೂ ಮರೆತಿಲ್ಲ.

“ಸರೀಬೇಡಿ ಅಕ್ಕಾ,” ಎಂದಳು ಗುರ್ಯೆಯವಳು. “ಉಸಿರಿಂದ ಬರಲ್ಲ ಅಂತ ಅದರಲ್ಲೇ ಬರೆದಿದೆಯಲ್ಲ. ಇನ್ನೊಂದು ಸಲ ಓದಿ.”

ಅಕ್ಕ ಓದಲಿಲ್ಲ. ಮೆಲ್ಲಗೆ ಎದ್ದು ಕೋಟನ್ನು ಮಡಿಸಿ ಬೊಕ್‌ನಿಮ್‌ಳ ಕೈಗೆ ಕೊಟ್ಟರು. “ಇಲ್ಲೇ ಹಾಕ್ಕೋ, ಚಳಿಗೆ,” ಎಂದರು. ಮರುದಿನ ಬೆಳಗಿನ ದೋಣಿಗೆ ಒಬ್ಬರೇ ಹೊರಟುಹೋದರು. ಹೋಗುವಾಗ ಬಾಗಿಲಲ್ಲಿ ನಿಂತು ತಮ್ಮ ಗಂಟಲಿನ ಕೆಮ್ಮಿನ ಬಗ್ಗೆ ನನ್ನನ್ನು ಗುಟ್ಟಾಗಿ ಏನೋ ಕೇಳಿದರು. ಅವರೂ ಆ ಜಾಡಿಯನ್ನು ಉಂಡು ಬೆಳೆದವರೇ.

ಸೋಮವಾರ ಅಜ್ಜಿಯೂ ಪೇಟೆಗೆ ಹೋದರು. ಯಾರೂ ಕರೆದೊಯ್ಯಲಿಲ್ಲ; ಮಾತ್ರೆ ತರಲು ಸೊಸೆ ಹತ್ತಿದ ದೋಣಿ ಹೊರಡುವಾಗ ತ್ವರೆಯಿಂದ ಬಂದು ಹತ್ತಿ, ಬೆನ್ನು ಮಾಡಿ ಕುಳಿತರಂತೆ. ಪ್ಯೊ ಅವರ ತೋಳಿನ ಉಬ್ಬನ್ನು ಅಳೆದು, ಇಷ್ಟು ದೊಡ್ಡದನ್ನು ತಾನು ಕಂಡಿಲ್ಲವೆಂದನಂತೆ. ಅದನ್ನು ಅಜ್ಜಿ ಆಮೇಲೆ ಊರಿನವರ ಮುಂದೆ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದರು.

ದೊಡ್ಡ ಮಾತ್ರೆಗಳು, ದಿನ ಬಿಟ್ಟು ದಿನ, ಹದಿನೈದು ಸಲ. ಹೊಟ್ಟೆ ಕೆಡುತ್ತದೆ, ಹೆದರಬೇಡಿ ಎಂದಿದ್ದ ಪ್ಯೊ. ಮೊದಲನೆಯ ಬೆಳಗ್ಗೆ ಜಗಲಿಯ ಮೇಲೆ ಮಾತ್ರೆಗಳನ್ನಿಟ್ಟುಕೊಂಡು ಅಜ್ಜಿ ಬಹಳ ಹೊತ್ತು ಕುಳಿತರು. ಮೂಸಿದರು. ಉಗುರಿನಿಂದ ಕೆರೆದರು.

“ಇದರಲ್ಲಿ ಏನಿದೆಯೋ ಯಾರಿಗೆ ಗೊತ್ತು. ನೀನು ಮೊದಲು ನುಂಗು,” ಎಂದರು ಸೊಸೆಗೆ.

ಗುರ್ಯೆಯವಳು ನುಂಗಿ ತನ್ನ ಬಟ್ಟಲಿನಿಂದ ನೀರು ಕುಡಿದಳು. ಅಜ್ಜಿ ಅವಳ ಗಂಟಲನ್ನೇ ನೋಡುತ್ತಿದ್ದರು. “ಬಾಯಿ ತೆಗಿ. ನಾಲಿಗೆ ಎತ್ತು.” ಎತ್ತಿದಳು. ಅಜ್ಜಿಗೆ ಇನ್ನೂ ಸಮಾಧಾನವಾಗಲಿಲ್ಲ. ತಮ್ಮ ಮುಂದೆ ಸೊಸೆ ತುಂಬಿಟ್ಟಿದ್ದ ನೀರಿನ ಬಟ್ಟಲನ್ನು ನೋಡಿದರು. ಸೊಸೆಯ ಕೈಯಲ್ಲಿದ್ದುದನ್ನು ನೋಡಿದರು.

“ಅದನ್ನ ಕೊಡಿಲ್ಲಿ. ನೀನು ಕುಡಿದದ್ದನ್ನೇ ಕೊಡು.”

ಆ ಬಟ್ಟಲಿನಲ್ಲಿ ಅರ್ಧ ನೀರು ಉಳಿದಿತ್ತು. ಅಜ್ಜಿ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಕಣ್ಣುಮುಚ್ಚಿ, ಆ ನೀರನ್ನು ಪೂರಾ ಕುಡಿದರು. ಹದಿನೈದು ಸಲವೂ ಹಾಗೆಯೇ ನಡೆಯಿತು. ಸಂಶಯ ಹೋಗಲಿಲ್ಲವೆಂದೇ ಅಜ್ಜಿ ಕೊನೆಯವರೆಗೆ ಹೇಳಿದರು.

ಸೊಸೆಯ ಕ್ಷಮೆಯನ್ನು ಅವರು ಕೇಳಲಿಲ್ಲ. ಆ ವರ್ಷದ ಜಾಡಿಯನ್ನು ಮಾತ್ರ ತಾವೇ ಹೊತ್ತು, ನದಿಗಲ್ಲ, ಹಿತ್ತಲಲ್ಲಿ ಗುಂಡಿ ತೋಡಿ ಸುರಿದರು. ಮೇಲೆ ಬೂದಿ ಹಾಕಿದರು. ಅಲ್ಲಿಂದ ಮುಂದೆ ಅವರಿಗೆ ಎಲ್ಲದರ ಮೇಲೂ ಸಂಶಯ. ಏಡಿಯನ್ನು ಚಿಪ್ಪು ಬಿರಿಯುವಷ್ಟು ಬೇಯಿಸುವರು, ಬೇಯಿಸಿದ್ದನ್ನು ಮತ್ತೆ ಹಬೆಯಲ್ಲಿಡುವರು, “ಸೌದೆ ಅಗಿದ ಹಾಗಿದೆ” ಎಂದು ಶಪಿಸುತ್ತ ತಿನ್ನುವರು. ಒಂದು ಸಲ ಮೂಲಂಗಿಯನ್ನೂ ಕುದಿಸಿ ತಂದಿಟ್ಟಾಗ ಚುನ್‌ಬೆ ಬಾಯಿಬಿಟ್ಟ: “ಅಮ್ಮಾ, ಮೂಲಂಗಿ ನದೀಲಿ ಬೆಳೆಯಲ್ಲ.” ತಾಯಿಗೆ ಅವನು ಎದುರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಾನೂ ಪ್ಯೊನಿಂದ ಸೂಜಿ ಚುಚ್ಚಿಸಿಕೊಂಡೆ; ನನ್ನ ತೋಳಿನಲ್ಲಿ ಏನೂ ಏಳಲಿಲ್ಲ. ಬೊಕ್‌ನಿಮ್‌ಳ ಮಣೆಯನ್ನು ನಾನೇ ಹೊತ್ತು ಮೊದಲಿನ ಜಾಗಕ್ಕೆ ತಂದಿಟ್ಟೆ.

ಅಜ್ಜಿಯ ಕೈವಸ್ತ್ರದ ಸಂಗತಿಯನ್ನು ಅಷ್ಟು ವರ್ಷ ಏಕೆ ಹೇಳಲಿಲ್ಲವೆಂದು ಗುರ್ಯೆಯವಳನ್ನು ಒಮ್ಮೆ ಕೇಳಿದೆ. ಅವಳು ಎಲೆಕೋಸಿಗೆ ಉಪ್ಪು ತುಂಬುತ್ತಿದ್ದಳು.

“ಹೇಳಿದ್ರೆ ಏನಾಗ್ತಿತ್ತು ಮೇಷ್ಟ್ರೇ? ಮೊಳೇಲಿ ಎರಡು ಚಮಚ ತೂಗ್ತಿದ್ವು. ಬೊಕ್‌ನಿಮ್ ಯಾರ ಹತ್ರ ಮಲಗ್ತಿದ್ಳು?”

ಹದಿನೈದನೆಯ ಮಾತ್ರೆ ಮುಗಿದು ಒಂದು ವಾರವಾಗಿತ್ತು. ಭಾನುವಾರದ ಮಧ್ಯಾಹ್ನ, ಜಗಲಿಯ ಮೇಲೆ ಬಿಸಿಲು. ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬೊಕ್‌ನಿಮ್ ಅಜ್ಜಿಯ ಕೋಣೆಯಿಂದ ತನ್ನ ಹಾಸಿಗೆಯನ್ನು ಸುತ್ತಿಕೊಂಡು ಹೊರಗೆ ಬಂದಳು. ಯಾರನ್ನೂ ಕೇಳಲಿಲ್ಲ. ಹಾಸಿಗೆ ಅವಳಿಗಿಂತ ದೊಡ್ಡದಿತ್ತು; ಅದರ ಒಂದು ತುದಿ ಮರದ ಹಲಗೆಗಳ ಮೇಲೆ ಎಳೆದುಕೊಂಡು ಬರುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅವಳ ತಾಯಿ ಒದ್ದೆಯ ಕೈಗಳನ್ನು ಲಂಗಕ್ಕೂ ಒರೆಸದೆ ಹಾಗೆಯೇ ನಿಂತಿದ್ದಳು. ಅತ್ತೆ ಏನನ್ನುವರೋ ಎಂದು ಅವಳ ಕಣ್ಣಿನಲ್ಲಿ ಇನ್ನೂ ಸಂಶಯವಿತ್ತು.

ಹುಡುಗಿ ಅರ್ಧ ಜಗಲಿ ದಾಟಿದಳು. ಅಜ್ಜಿ ಬೆಳ್ಳುಳ್ಳಿಯಿಂದ ತಲೆಯೆತ್ತಲಿಲ್ಲ.

“ದಿಂಬನ್ನೂ ತಗೊಂಡು ಹೋಗೇ,” ಎಂದರು. “ಆಮೇಲೆ ಯಾರು ತಂದುಕೊಡ್ತಾರೆ ನಿಂಗೆ.”